ಇಪ್ಪತ್ತು ಲಕ್ಷ ಚೀಟಿಗಳ ಮೇಷ್ಟ್ರು

ಇಪ್ಪತ್ತು ಲಕ್ಷ! ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದರೂ ನಂಬಿಕೆ ಬರುವುದಿಲ್ಲ. ಸಣ್ಣ ಸಣ್ಣ ಕಾಗದದ ಚೀಟಿಗಳು, ಒಂದೊಂದರಲ್ಲೂ ಒತ್ತೊತ್ತಾಗಿ ಗೀಚಿದ ನಾಲ್ಕಾರು ಸಾಲು. ಒಂದರಲ್ಲಿ ಒಗಟು, ಇನ್ನೊಂದರಲ್ಲಿ ಬೈಗುಳ, ಮತ್ತೊಂದರಲ್ಲಿ ಕೂಸನ್ನು ಮೊಣಕಾಲ ಮೇಲೆ ಕುಣಿಸುವಾಗ ಹೇಳುವ ಪದ, ಮಗದೊಂದರಲ್ಲಿ ಮಾಟಗಾತಿ ಪಕ್ಕದ ಮನೆಯ ಹಸುವಿನ ಹಾಲು ಕದ್ದ ಕಥೆ. ಯಾವ ಅಕಾಡೆಮಿಯಪ್ಪ ಇದನ್ನೆಲ್ಲ ಕೂಡಿಸಿದ್ದು ಅಂತ ಕೇಳಿದರೆ ಉತ್ತರ ಇನ್ನೂ ಬೆರಗು ಹುಟ್ಟಿಸುತ್ತದೆ. ಇದರ ಹಿಂದೆ ನಿಂತವರು ಒಬ್ಬ ಮೇಷ್ಟ್ರು! ಉತ್ತರ ಜರ್ಮನಿಯ ಒಂದು ಪುಟ್ಟ ಊರಿನ ಹೈಸ್ಕೂಲಿನಲ್ಲಿ ಹುಡುಗರಿಗೆ ಲ್ಯಾಟಿನ್, ಗ್ರೀಕ್ ಹೇಳಿಕೊಡುತ್ತಿದ್ದ ಮೇಷ್ಟ್ರು.

ಹೆಸರು ರಿಚರ್ಡ್ ವೊಸ್ಸಿಡ್ಲೊ. ಹುಟ್ಟಿದ್ದು 1859ರ ಜನವರಿ 26ರಂದು, ಮೆಕ್ಲೆನ್‌ಬರ್ಗ್ ಸೀಮೆಯ ಟೆಸ್ಸಿನ್ ಊರಿನ ಹತ್ತಿರದ ಫ್ರೀಡ್ರಿಕ್ಸ್‌ಹೋಫ್‌ನಲ್ಲಿ. ತೀರಿಕೊಂಡದ್ದು 1939ರ ಮೇ 4ರಂದು, ವಾರೆನ್‌ನಲ್ಲಿ. ಮಾತು ಹಿಡಿದು ಚೀಟಿಗೆ ಇಳಿಸುವ ಚಟ ಅಂಟಿಕೊಂಡದ್ದು 1883ರ ಸುಮಾರಿಗೆ, ಅಂದರೆ ಇನ್ನೂ ಇಪ್ಪತ್ತೈದು ತುಂಬುವ ಮೊದಲೇ. ಸುಮ್ಮನೆ ಲೆಕ್ಕ ಹಾಕಿ: ಐವತ್ತಾರು ವರ್ಷ, ಇಪ್ಪತ್ತು ಲಕ್ಷ ಚೀಟಿ. ದಿನಕ್ಕೆ ಸುಮಾರು ನೂರು! ಹಬ್ಬವಿಲ್ಲ, ಜ್ವರವಿಲ್ಲ, ಪರೀಕ್ಷೆಯ ಪೇಪರು ತಿದ್ದುವ ದಿನವೆಂಬ ರಿಯಾಯಿತಿಯೂ ಇಲ್ಲ. ಎಲ್ಲವೂ ಅವರೊಬ್ಬರ ಕೈಬರಹವಲ್ಲ ಎನ್ನುವುದು ನಿಜ. ನೂರಾರು ಮಂದಿ ಸಹಾಯಕರು, ಅವರಲ್ಲಿ ಬಹಳಷ್ಟು ಹಳ್ಳಿ ಶಾಲೆಗಳ ಮೇಷ್ಟ್ರುಗಳೇ, ಬರೆದು ಕಳಿಸಿದ್ದೂ ಈ ರಾಶಿಯಲ್ಲಿದೆ. ಆದರೂ ದಿನಕ್ಕೆ ನೂರು!

ಜರ್ಮನಿಯ ಶಾಲಾ ಮೇಷ್ಟ್ರುಗಳೆಂದರೆ ಒಂದು ವಿಚಿತ್ರ ಜಾತಿ ಅಂತ ನನಗೆ ಹಿಂದಿನಿಂದಲೂ ಗುಮಾನಿ. ಪರ್ಷಿಯಾದ ಬೆಣೆ ಲಿಪಿಯ ಗುಟ್ಟನ್ನು 1802ರಲ್ಲಿ ಮೊದಲು ಬಿಡಿಸತೊಡಗಿದ ಗ್ರೋಟೆಫೆಂಡ್ ಗ್ಯೋಟಿಂಗೆನ್‌ನ ಶಾಲಾ ಮೇಷ್ಟ್ರು. 1856ರಲ್ಲಿ ನಿಯಾಂಡರ್ ಕಣಿವೆಯ ಸುಣ್ಣಕಲ್ಲಿನ ಕ್ವಾರಿಯಲ್ಲಿ ಸಿಕ್ಕ ಮೂಳೆಗಳನ್ನು ನೋಡಿ, ಇವು ಕರಡಿಯದಲ್ಲ, ಹಳೇ ಕಾಲದ ಮನುಷ್ಯನವು ಅಂದ ಫುಲ್‌ರಾಟ್ ಎಲ್ಬರ್‌ಫೆಲ್ಡ್‌ನ ಮೇಷ್ಟ್ರು. ವೊಸ್ಸಿಡ್ಲೊ ಅದೇ ಸಾಲಿನವರು. ಇವರು ಅಗೆದದ್ದು ಮಾತ್ರ ಮಣ್ಣನ್ನಲ್ಲ, ಕೂಲಿಕಾರರ ನಾಲಗೆಯನ್ನು.

ರೊಸ್ಟೊಕ್, ಲೈಪ್‌ಜಿಗ್, ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಭಾಷೆಗಳನ್ನು ಓದಿದ ಈ ತರುಣ 1886ರಲ್ಲಿ ವಾರೆನ್ ಊರಿನ ಗಿಮ್ನಾಸಿಯಂಗೆ, ಅಂದರೆ ಅಲ್ಲಿನ ಪ್ರೌಢಶಾಲೆಗೆ, ಪಾಠ ಹೇಳಲು ಬಂದರು. ಬಂದವರು ಅಲ್ಲೇ ಬೇರು ಬಿಟ್ಟರು; ನಿವೃತ್ತರಾದದ್ದು 1922ರಲ್ಲಿ. ವಾರೆನ್ ಇರುವುದು ಮ್ಯೂರಿಟ್ಸ್ ಸರೋವರದ ದಂಡೆಯಲ್ಲಿ. ಪೂರ್ತಿಯಾಗಿ ಜರ್ಮನಿಯ ಗಡಿಯೊಳಗೇ ಇರುವ ಸರೋವರಗಳಲ್ಲಿ ಇದೇ ದೊಡ್ಡದು. ಸುತ್ತ ನೀರು, ಜೊಂಡು, ಬೀಚ್ ಮರದ ಕಾಡು, ಆಮೇಲೆ ಕಣ್ಣು ಹಾಯುವಷ್ಟು ದೂರ ದೊಡ್ಡ ದೊಡ್ಡ ಜಮೀನ್ದಾರರ ಹೊಲಗಳು.

ಈ ಹೊಲಗಳ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮೇಷ್ಟ್ರ ಸಾಹಸ ಅರ್ಥವಾಗುವುದಿಲ್ಲ. ಲೋಕ ಮುಳುಗುತ್ತದೆ ಅಂತ ಗೊತ್ತಾದರೆ ಮೆಕ್ಲೆನ್‌ಬರ್ಗಿಗೆ ಓಡಬೇಕು, ಅಲ್ಲಿ ಎಲ್ಲವೂ ತಡವಾಗಿ ಆಗುತ್ತದೆ ಎಂಬ ಜೋಕೊಂದನ್ನು ಜರ್ಮನ್ನರು ಬಿಸ್ಮಾರ್ಕ್ ತಲೆಗೆ ಕಟ್ಟುತ್ತಾರೆ. ಆತ ಹಾಗೆ ಹೇಳಿದ್ದಕ್ಕೆ ಆಧಾರವೇನೂ ಇಲ್ಲ, ಆದರೆ ಜೋಕಿನಲ್ಲಿ ಹುರುಳಿದೆ. ರೈತರನ್ನು ಮಣ್ಣಿಗೆ ಕಟ್ಟಿಹಾಕಿದ್ದ ಜೀತ ಪದ್ಧತಿ ಇಲ್ಲಿ ಹೋದದ್ದೇ 1820ರಲ್ಲಿ. ಜಮೀನ್ದಾರರ ಹಿತ ಕಾಯುವ 1755ರ ಒಪ್ಪಂದವೊಂದು 1918ರವರೆಗೂ ಸೀಮೆಯ ಆಡಳಿತದ ಬುಡವಾಗಿತ್ತು. ಜೀತ ಹೋದ ಮೇಲೂ ಕೂಲಿಕಾರನಿಗೆ ತುಂಡು ನೆಲವಿಲ್ಲ. ಮದುವೆಯಾಗಿ ಸಂಸಾರ ಹೂಡಲು ಧಣಿ ಒಪ್ಪಬೇಕು, ಸೂರು ಕೊಡಬೇಕು. ಬೇಸತ್ತ ಜನ ಹಡಗು ಹತ್ತಿ ಅಮೆರಿಕಕ್ಕೆ ಹೊರಟುಬಿಟ್ಟರು. ಹಾಗೆ ಹೋದವರು ಊರಿನ ತಮ್ಮ ಹಳೇ ಮೇಷ್ಟ್ರಿಗೆ ಬರೆದ ಕಾಗದಗಳಿಂದಲೇ ಆ ಮೇಷ್ಟ್ರ ಮಗ, ತಾನೂ ಮೇಷ್ಟ್ರೇ ಆಗಿದ್ದ ಯೋಹಾನ್ನೆಸ್ ಗಿಲ್‌ಹಾಫ್, 1917ರಲ್ಲಿ ಒಂದು ಕಾದಂಬರಿ ಕಟ್ಟಿದರು, ಅದು ಭರ್ಜರಿಯಾಗಿ ಮಾರಾಟವಾಯಿತು. ಅದು ಬೇರೆಯೇ ಕಥೆ, ಇಲ್ಲಿ ಬಿಡೋಣ.

ಉಳಿದವರು ಹೊಲದಲ್ಲಿ ದುಡಿಯುತ್ತ ಪ್ಲಾಟ್ ಎಂಬ ಉತ್ತರ ಜರ್ಮನಿಯ ಹಳ್ಳಿ ಭಾಷೆ ಆಡುತ್ತಿದ್ದರು. ಶಾಲೆಯಲ್ಲಿ, ಚರ್ಚಿನಲ್ಲಿ, ಕಚೇರಿಯಲ್ಲಿ ಮೇಲು ಜರ್ಮನ್. ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಹೆಂಡದಂಗಡಿಯಲ್ಲಿ ಪ್ಲಾಟ್. ಓದಿದವರ ಕಿವಿಗೆ ಅದು ಒರಟು ಮಾತು, ಹುಡುಗರ ಬಾಯಿಂದ ಬಿಡಿಸಬೇಕಾದ ಮಾತು. ಫ್ರಿಟ್ಸ್ ರಾಯ್ಟರ್ ಎಂಬ ಲೇಖಕ ಅದೇ ಭಾಷೆಯಲ್ಲಿ ಬರೆದು ಜರ್ಮನಿಯ ತುಂಬ ಹೆಸರು ಮಾಡಿ, 1874ರಲ್ಲಿ ತೀರಿಕೊಂಡಿದ್ದರು. ಆದರೂ ಒಬ್ಬ ಹಸು ಕಾಯುವವನ ಬಾಯಲ್ಲಿ ಬರೆದಿಡುವಂಥದ್ದೇನಾದರೂ ಇದ್ದೀತು ಅಂತ ಯಾರಿಗೆ ಅನ್ನಿಸಬೇಕು?

ವೊಸ್ಸಿಡ್ಲೊಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಹೊರಟೇಬಿಟ್ಟರು!

ಇಲ್ಲೊಂದು ಕಾಕತಾಳೀಯ ನೋಡಿ. ವಾರೆನ್‌ಗೆ ಹತ್ತಿರದಲ್ಲೇ ಆಂಕರ್ಸ್‌ಹಾಗೆನ್ ಅಂತ ಒಂದು ಹಳ್ಳಿ. ಆ ಹಳ್ಳಿಯ ಪಾದ್ರಿಯ ಮನೆಯಲ್ಲಿ ಬೆಳೆದ ಹುಡುಗನೇ ಹೈನ್‌ರಿಖ್ ಶ್ಲೀಮನ್, ಟ್ರಾಯ್ ನಗರವನ್ನು ಅಗೆದು ತೆಗೆದೆನೆಂದು ಜಗತ್ತನ್ನೇ ನಡುಗಿಸಿದವನು. ಆ ಹುಡುಗನಿಗೆ ನೆಲದೊಳಗಿನ ಗುಟ್ಟುಗಳ ಹುಚ್ಚು ಹಿಡಿಸಿದ್ದು ಊರಿನ ಕಥೆಗಳಂತೆ, ಅವನೇ ಬರೆದುಕೊಂಡಿದ್ದಾನೆ. ಹೆನ್ನಿಂಗ್ ಎಂಬ ದುಷ್ಟ ಸರದಾರನೊಬ್ಬ ತನ್ನ ಸಂಚನ್ನು ದೊರೆಗೆ ತಿಳಿಸಿದ ದನಗಾಹಿಯನ್ನು ಜೀವಂತ ಸುಟ್ಟು, ಸಾಲದ್ದಕ್ಕೆ ಎಡಗಾಲಿನಿಂದ ಒದ್ದನಂತೆ. ಆಮೇಲೆ ಅವನು ಸತ್ತು ಗೋರಿ ಸೇರಿದ. ಆ ಗೋರಿಯಿಂದ ಎಡಗಾಲು ಆಚೆಗೆ ಬೆಳೆಯುತ್ತಲೇ ಇತ್ತಂತೆ, ಕಪ್ಪು ರೇಷ್ಮೆ ಕಾಲುಚೀಲ ಹಾಕಿಕೊಂಡೇ! ಊರಿನ ಗೋರಿ ತೋಡುವವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತಾನು ಹುಡುಗನಾಗಿದ್ದಾಗ ಆ ಕಾಲನ್ನು ಕಡಿದು, ಅದರ ಮೂಳೆಯಿಂದ ಮರದ ಪೇರುಕಾಯಿ ಉದುರಿಸಿದ್ದೇನೆ ಅಂತ ಆಣೆ ಪ್ರಮಾಣ ಮಾಡುತ್ತಿದ್ದನಂತೆ. ಪುಟ್ಟ ಶ್ಲೀಮನ್ ಅಪ್ಪನ ಬೆನ್ನು ಬಿದ್ದ: ಗೋರಿ ಅಗೆದು ನೋಡೋಣ, ಕಾಲು ಈಗ್ಯಾಕೆ ಬೆಳೆಯುತ್ತಿಲ್ಲ?

ಶ್ಲೀಮನ್ ದೇಶಾಂತರ ಹೋಗಿ ಅಗೆದ. ವೊಸ್ಸಿಡ್ಲೊ ಶ್ಲೀಮನ್‌ನ ಹಿತ್ತಲಲ್ಲೇ ಉಳಿದು ಇಂಥ ಕಥೆಗಳನ್ನು ಒಂದೊಂದಾಗಿ ಹೆಕ್ಕಿದರು. ಶ್ಲೀಮನ್ ತೀರಿಕೊಂಡದ್ದು 1890ರ ಡಿಸೆಂಬರಿನಲ್ಲಿ. ಮೆಕ್ಲೆನ್‌ಬರ್ಗಿನ ಇತಿಹಾಸ ಸಂಘ, ಸೀಮೆಯ ಜನಪದವನ್ನೆಲ್ಲ ಕೂಡಿಸಿ ಕೊಡಿ ಎಂದು ವೊಸ್ಸಿಡ್ಲೊಗೆ ಕೆಲಸ ಒಪ್ಪಿಸಿದ್ದೂ ಅದೇ 1890ರಲ್ಲಿ. ಹೋಮರ್‌ನ ಗ್ರೀಕ್ ಕಲಿಸುವ ಮೇಷ್ಟ್ರು ಹೋಮರ್ ಹಾಡಿದ ಟ್ರಾಯ್ ಹುಡುಕಿದವನ ಬಾಲ್ಯದ ದಾರಿಗಳಲ್ಲೇ ಓಡಾಡುತ್ತಿದ್ದರು ಎನ್ನುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಇವರಿಗಿಂತ ಮೊದಲು ಯಾರೂ ಕೈ ಹಾಕಿರಲಿಲ್ಲವೇ? ಹಾಕಿದ್ದರು. ಕಾರ್ಲ್ ಬಾರ್ಚ್ ಎಂಬ ಪ್ರೊಫೆಸರು 1879 ಮತ್ತು 1880ರಲ್ಲಿ ಮೆಕ್ಲೆನ್‌ಬರ್ಗಿನ ಕಥೆ, ನಂಬಿಕೆಗಳ ಎರಡು ದಪ್ಪ ಸಂಪುಟ ತಂದಿದ್ದರು. ಆದರೆ ಅದು ಹೆಚ್ಚಾಗಿ ಓದುಬರಹ ಬಲ್ಲವರು ಕಳಿಸಿದ ಬರಹಗಳಿಂದ ಕಟ್ಟಿದ ಕೆಲಸ. ವೊಸ್ಸಿಡ್ಲೊ ಕಾಗದವನ್ನೂ ಬರೆದರು, ಪತ್ರಿಕೆಗಳಲ್ಲಿ ಮನವಿಯನ್ನೂ ಹಾಕಿದರು, ಆದರೆ ಮುಖ್ಯವಾಗಿ ಕಾಲಿಗೆ ಕೆಲಸ ಕೊಟ್ಟರು. ಭಾನುವಾರ ಬಂತೋ ಹೊರಟರು. ರಜೆ ಬಂತೋ ಹೊರಟರು. ಕುರುಬರು, ದಿನಗೂಲಿಗಳು, ಮೀನುಗಾರರು, ಹೆಣ್ಣಾಳುಗಳು, ಯಾರಿಗೂ ಬೇಡವಾಗಿ ಮೂಲೆಯಲ್ಲಿ ಕೂತ ಮುದುಕ ಮುದುಕಿಯರು, ಇವರೇ ಮೇಷ್ಟ್ರ ಪಾಲಿಗೆ ವಿಶ್ವಕೋಶ.

ಕೋಟು ತೊಟ್ಟ ಒಬ್ಬ ವಿದ್ವಾಂಸ ಮುಂದೆ ಕೂತು, ನಿಮಗೆ ಗೊತ್ತಿರುವ ದೆವ್ವದ ಕಥೆ ಹೇಳಿ ಅಂದರೆ ಯಾರು ಬಾಯಿ ಬಿಡುತ್ತಾರೆ? ಗೇಲಿ ಮಾಡಲು ಬಂದಿದ್ದಾನೆ ಅಂದುಕೊಳ್ಳುತ್ತಾರೆ. ಇಲ್ಲವೇ ಧಣಿಯ ಕಡೆಯವನೇನೋ ಎಂಬ ಅನುಮಾನ. ಮೇಷ್ಟ್ರು ಹಾಗೆ ಕೇಳುತ್ತಲೇ ಇರಲಿಲ್ಲ. ಅಪ್ಪಟ ಪ್ಲಾಟ್‌ನಲ್ಲಿ ಮಾತಿಗಿಳಿದು, ಬೆಳೆ, ಮಳೆ, ದನಕರು ಅಂತ ಅತ್ತಿತ್ತ ಸುತ್ತಾಡಿ, ತಾವೇ ಮೊದಲು ಒಂದು ಒಗಟು ಎಸೆಯುವುದು. ಎದುರಿನವರಿಗೆ ಸುಮ್ಮನಿರಲಾಗುತ್ತದೆಯೇ? ಅದೇನು ಮಹಾ, ನಮ್ಮಜ್ಜಿ ಹೇಳುತ್ತಿದ್ದುದು ಕೇಳಿ ಅಂತ ಒಬ್ಬರು ಶುರು ಮಾಡಿದರೆ ಪಕ್ಕದವರು, ಅಯ್ಯೋ ಹಾಗಲ್ಲ ಅದು, ಹೀಗೆ ಅಂತ ತಿದ್ದುತ್ತಾರೆ. ಹಾಗೆ ತಿದ್ದಿದ್ದೂ ಚೀಟಿಗೆ! ಈ ಕಲೆಯನ್ನು ಕುರಿತು 1906ರಲ್ಲಿ ಅವರೊಂದು ಪ್ರಬಂಧ ಬರೆದರು. ಟೇಪ್ ರೆಕಾರ್ಡರ್ ಇನ್ನೂ ಹುಟ್ಟಿಲ್ಲದ ಕಾಲದಲ್ಲಿ, ಜನರ ಮಾತನ್ನು ಕೆಡಿಸದೆ ಹಿಡಿಯುವುದು ಹೇಗೆ ಎಂದು ಒಬ್ಬ ಶಾಲಾ ಮೇಷ್ಟ್ರು ಹೇಳಿಕೊಟ್ಟ ಪಾಠ ಅದು.

ಚೀಟಿಯ ಮೇಲೆ ಬರೀ ಕಥೆಯಲ್ಲ, ಅದು ಸಿಕ್ಕ ಊರು, ಹೇಳಿದವರ ಹೆಸರು, ದಿನ, ಇವೂ ಕಾಣಿಸುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಆ ಕಾಲದ ಎಷ್ಟೋ ಸಂಗ್ರಹಗಳಲ್ಲಿ ಕಥೆ ಹೇಳಿದವರು ‘ಜನ’ ಎಂಬ ಒಂದೇ ಮೂಟೆಯೊಳಗೆ ಮಾಯವಾಗಿಬಿಡುತ್ತಾರೆ. ಇಲ್ಲಿ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದವನಿಗೂ ಮೇಷ್ಟ್ರು ಒಂದು ಹೆಸರು, ಒಂದು ಊರು, ಒಂದು ತಾರೀಖು ಉಳಿಸಿಕೊಟ್ಟರು. ಜಮೀನ್ದಾರರ ಲೆಕ್ಕದ ಪುಸ್ತಕದಲ್ಲಿ ಕೂಲಿಯ ಬಾಬ್ತಾಗಿ ಮಾತ್ರ ಇದ್ದವರು ಇಲ್ಲಿ ಕಥೆಗಾರರು.

1897ರಲ್ಲಿ ಮೊದಲ ಸಂಪುಟ ಹೊರಬಂತು. ಪೂರ್ತಿ ಒಗಟುಗಳೇ! ಅದರಲ್ಲೊಂದು ಜಾತಿ ಒಗಟುಗಳಿವೆ, ಓದಿದರೆ ಉಸಿರು ಬಿಗಿ ಹಿಡಿಯಬೇಕು. ಕುತ್ತಿಗೆ ಉಳಿಸುವ ಒಗಟುಗಳು ಅವು. ಗಲ್ಲಿನ ಶಿಕ್ಷೆಯಾದ ಹೆಂಗಸು ನ್ಯಾಯಾಧೀಶರ ಮುಂದೆ ನಿಂತಿದ್ದಾಳೆ. ಅವರಿಗೆ ಬಿಡಿಸಲಾಗದ ಒಗಟನ್ನು ಹೇಳಿದರೆ ಪ್ರಾಣ ಉಳಿಯುತ್ತದೆ. ಅವಳಿಗೆ ಇಲೋ ಎಂಬ ನಾಯಿ ಇತ್ತು, ಬಲು ಮುದ್ದಿನದು. ಅದು ಸತ್ತಾಗ ಅದರ ಚರ್ಮದಲ್ಲಿ ಕಾಲಿಗೆ ಜೋಡು ಮಾಡಿಸಿ ಹಾಕಿಕೊಂಡಿದ್ದಾಳೆ. ಈಗ ನ್ಯಾಯಾಧೀಶರಿಗೆ ಅನ್ನುತ್ತಾಳೆ: ತಾನು ನಡೆಯುವುದೂ ಇಲೋ ಮೇಲೆ, ನಿಂತಿರುವುದೂ ಇಲೋ ಮೇಲೆ, ಏನಿದು ಹೇಳಿ. ಘನ ಪಂಡಿತರು ತಲೆ ಕೆರೆದುಕೊಳ್ಳುತ್ತಾರೆ. ಹೇಗೆ ಹೇಳಿಯಾರು? ಒಗಟಿನ ಬೀಗದ ಕೈ ಯಾವ ಶಾಸ್ತ್ರದಲ್ಲೂ ಇಲ್ಲ, ಅವಳೊಬ್ಬಳ ಬದುಕಿನಲ್ಲಿದೆ. ಇನ್ನೊಂದರಲ್ಲಿ ಸತ್ತ ಕುದುರೆಯ ತಲೆಬುರುಡೆಯೊಳಗೆ ಹಕ್ಕಿ ಗೂಡು ಕಟ್ಟಿದೆ. ಸತ್ತದ್ದರೊಳಗಿಂದ ಬದುಕಿರುವವು ಹೊರಬಂದದ್ದನ್ನು ಕಂಡವನು ಅದನ್ನೇ ಒಗಟು ಮಾಡಿ ಜೀವ ಉಳಿಸಿಕೊಳ್ಳುತ್ತಾನೆ. ಧಣಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದ ಕೂಲಿಕಾರರು, ಮಾತಿನ ಚಳಕ ಒಂದರಿಂದಲೇ ನ್ಯಾಯಾಧೀಶರನ್ನು ಬಾಯಿ ಮುಚ್ಚಿಸುವ ಕಥೆಯನ್ನು ಯಾಕೆ ಅಷ್ಟು ಇಷ್ಟಪಟ್ಟರು ಅಂತ ಬೇರೆ ಹೇಳಬೇಕೆ!

1899ರ ಎರಡನೆಯ ಸಂಪುಟದಲ್ಲಿ ಪ್ರಾಣಿಗಳು: ಹಕ್ಕಿಯ ಕೂಗಿಗೆ ಜನ ಹಚ್ಚಿದ ಮಾತುಗಳು, ದನ, ಕೋಳಿ, ಬಾತು ತಮ್ಮತಮ್ಮಲ್ಲಿ ಏನು ಹರಟುತ್ತವೆ ಎಂಬ ಕಲ್ಪನೆಗಳು. 1906ರ ಮೂರನೆಯದು ಕೂಸುಗಳ ಲಾಲನೆ ಪಾಲನೆಯದು, ಅಲ್ಲಿ ಜೋಗುಳ, ಬೆರಳಾಟದ ಪದ. ಮಕ್ಕಳ ಹಾಡುಗಳ ನಾಲ್ಕನೆಯ ಸಂಪುಟ ಬರುವಾಗ 1931. ಇಪ್ಪತ್ತೈದು ವರ್ಷದ ಅಂತರ! ಕೂಡಿಸುವುದರ ಮುಂದೆ ಅಚ್ಚು ಹಾಕಿಸುವುದು ಅವರಿಗೆ ಹಿಂದಾಯಿತು. ಇದು ಅವರ ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಸಮಯದಲ್ಲಿ ಅವರು ಕೂತು ಪ್ರೂಫ್ ತಿದ್ದಿದ್ದರೆ ಎಷ್ಟು ಮುದುಕಿಯರು ಹೇಳದೆಯೇ ಹೋಗಿಬಿಡುತ್ತಿದ್ದರೋ.

ಈ ನಡುವೆ ಹಳ್ಳಿ ಮನೆಯೊಂದರ ಚಳಿಗಾಲದ ಸಂಜೆಯನ್ನು ಒಗಟು, ಹಾಡು, ಕುಣಿತಗಳ ಸಮೇತ ಒಂದು ನಾಟಕವಾಗಿ ಬರೆದು ರಂಗಕ್ಕೆ ತಂದರು. ರೈತರ ಮನೆಯ ಸಾಮಾನು, ಬಟ್ಟೆಬರೆಯನ್ನೂ ಕೂಡಿಸಿದರು. ಅವು ಮುಂದೆ ಶ್ವೆರಿನ್‌ನಲ್ಲಿ ವಸ್ತುಸಂಗ್ರಹಾಲಯವಾದವು. ಬಾಲ್ಟಿಕ್ ಕರಾವಳಿಗೂ ಹೋದರು. ರಿಬ್ನಿಟ್ಸ್, ಫಿಶ್‌ಲಾಂಡ್ ಕಡೆಯ ಮುದಿ ನಾವಿಕರು, ಹಾಯಿ ಹಡಗಿನಲ್ಲಿ ಭೂಮಿಯ ಆ ಕೊನೆವರೆಗೂ ಹೋಗಿ ಬಂದವರು, ಹಬೆ ಹಡಗು ಬಂದು ತಮ್ಮ ವಿದ್ಯೆಯೆಲ್ಲ ಬೆಲೆ ಕಳೆದುಕೊಂಡ ಮೇಲೆ ದಡದಲ್ಲಿ ಕೂತಿದ್ದರು. ಹಗ್ಗದ ಗಂಟು, ಹಡಗಿನ ಊಟ, ಕ್ಯಾಪ್ಟನ್‌ನ ಸಿಟ್ಟು, ಬಿರುಗಾಳಿಯ ರಾತ್ರಿ ಎಲ್ಲವೂ ಚೀಟಿಗೆ ಬಂತು. ಆ ಪುಸ್ತಕ ಹೊರಬಂದದ್ದು ಮೇಷ್ಟ್ರು ತೀರಿಕೊಂಡ ಮೇಲೆ, ಎರಡನೆಯ ಮಹಾಯುದ್ಧದ ನಡುವೆ.

ನಮ್ಮ ಕಿಟ್ಟೆಲ್ ನೆನಪಾಗುವುದು ಇಲ್ಲಿಯೇ. ಫರ್ಡಿನಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಇದೇ ಉತ್ತರ ಜರ್ಮನಿಯ ಇನ್ನೊಂದು ತುದಿಯ ಕರಾವಳಿಯಲ್ಲಿ, ಪೂರ್ವ ಫ್ರೀಸಿಯಾದಲ್ಲಿ. ಅಲ್ಲಿನ ಹಳ್ಳಿಗರ ಮಾತೂ ಪ್ಲಾಟ್‌ನ ಇನ್ನೊಂದು ಬಗೆಯೇ. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ 1894ರಲ್ಲಿ ವೊಸ್ಸಿಡ್ಲೊ ಒಗಟುಗಳ ಬೆನ್ನು ಬಿದ್ದಿದ್ದರು. ಒಬ್ಬರು ಕಡಲು ದಾಟಿ ಬಂದು ಪರರ ಮಾತನ್ನು ಕೂಡಿಸಿದರು, ಇನ್ನೊಬ್ಬರು ಮನೆ ಬಾಗಿಲಿನ ಮಾತನ್ನು.

ವೊಸ್ಸಿಡ್ಲೊ ಚೀಟಿಗಳೂ ನಿಘಂಟಾದವು. ಅದರ ಕಥೆಯೇ ಒಂದು ರೋಚಕ ಪುರಾಣ! ರೊಸ್ಟೊಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆರ್ಮನ್ ಟಾಯ್ಖರ್ಟ್ ಮೇಷ್ಟ್ರ ಜೊತೆ ಕೈಗೂಡಿಸಿ ಮೆಕ್ಲೆನ್‌ಬರ್ಗಿನ ಪದಕೋಶಕ್ಕೆ ಇಳಿದರು. ಮೊದಲ ಸಂಪುಟ ಮುಗಿದದ್ದು 1942ರಲ್ಲಿ, ಊರುಗಳ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ. ಕೊನೆಯ, ಏಳನೆಯ ಸಂಪುಟ 1992ರಲ್ಲಿ! ಅಷ್ಟರಲ್ಲಿ ಹಿಟ್ಲರ್ ಹೋಗಿ, ಜರ್ಮನಿ ಎರಡು ಹೋಳಾಗಿ, ಪೂರ್ವ ಜರ್ಮನಿ ಎಂಬ ಒಂದು ದೇಶವೇ ಹುಟ್ಟಿ ಸತ್ತಿತ್ತು.

ಮೇಷ್ಟ್ರ ಕೊನೆಗಾಲ ಬಿದ್ದದ್ದು ನಾಜಿಗಳ ಆಳ್ವಿಕೆಯಲ್ಲಿ. ಜನಪದವನ್ನು ರಕ್ತ, ಜನಾಂಗ ಅಂತ ತಿರುಚಿ ತಮ್ಮ ಜೋಳಿಗೆಗೆ ಹಾಕಿಕೊಳ್ಳುತ್ತಿದ್ದ ಕಾಲ ಅದು. 1939ರಲ್ಲಿ ಅವರ ಎರಡು ಸಂಪುಟಗಳ ಐತಿಹ್ಯ ಸಂಗ್ರಹ ಪ್ರಕಟವಾಯಿತು. ಭೂಮಿಯಡಿಯ ಕುಳ್ಳರು, ಮಾಟಗಾತಿಯರು, ಕ್ರಿಸ್ಮಸ್ ನಂತರದ ಹನ್ನೆರಡು ರಾತ್ರಿಗಳಲ್ಲಿ ಆಕಾಶದಲ್ಲಿ ನಾಯಿಗಳ ಹಿಂಡಿನೊಂದಿಗೆ ಹೋಗುವ ಬೇಟೆ. ಸರಿ, ಯುದ್ಧ ಮುಗಿದು ಕಮ್ಯುನಿಸ್ಟ್ ಸರ್ಕಾರ ಬಂತಲ್ಲ, ಈ ಹಳೇ ಕಾಲದ ಚೀಟಿಗಳು ಕಸದ ಬುಟ್ಟಿಗೆ ಹೋದವೇ? ಇಲ್ಲ! 1954ರಲ್ಲಿ ರೊಸ್ಟೊಕ್‌ನಲ್ಲಿ ವೊಸ್ಸಿಡ್ಲೊ ಹೆಸರಿನದೇ ಸಂಶೋಧನಾ ಕೇಂದ್ರ ಶುರುವಾಯಿತು. ವೋಲ್ಫ್‌ಗಾಂಗ್ ಸ್ಟೈನಿಟ್ಸ್ ಎಂಬ ವಿದ್ವಾಂಸರು ಜನರ ಪ್ರತಿಭಟನೆಯ ಹಾಡುಗಳನ್ನು ಹುಡುಕಿಕೊಂಡು ಬಂದು ಈ ರಾಶಿಯಲ್ಲಿ ಕೈಯಾಡಿಸಿದರು. ಧಣಿಯನ್ನು ಕೂಲಿಯಾಳು ಮಾತಿನಲ್ಲೇ ಮಣ್ಣು ಮುಕ್ಕಿಸುವ ಕಥೆಗಳು, ಜಿಪುಣ ಜಮೀನ್ದಾರನನ್ನು ಸೈತಾನ ಹೊತ್ತೊಯ್ಯುವ ಕಥೆಗಳು ಡಬ್ಬಗಳಿಂದ ಎದ್ದು ಬಂದವು. ಜೀಗ್‌ಫ್ರೀಡ್ ನಾಯ್ಮನ್ ಎಂಬ ಸಂಶೋಧಕರು ಅಲ್ಲಿಂದಲೇ ಪುಸ್ತಕದ ಮೇಲೆ ಪುಸ್ತಕ ತಂದರು. ಒಂದೇ ರಾಶಿಯಲ್ಲಿ ರಾಜರ ಕಾಲಕ್ಕೂ, ನಾಜಿಗಳಿಗೂ, ಕಮ್ಯುನಿಸ್ಟರಿಗೂ ಬೇಕಾದದ್ದು ಸಿಕ್ಕಿತು. ಒಬ್ಬರಿಗಾದರೂ ಅದು ಪೂರ್ತಿಯಾಗಿ ಒಗ್ಗಲಿಲ್ಲ. ಮೇಷ್ಟ್ರು ಆರಿಸಿ ಕೂಡಿಸಿದವರಲ್ಲವಲ್ಲ, ಕಿವಿಗೆ ಬಿದ್ದದ್ದನ್ನೆಲ್ಲ ಬರೆದವರು.

ಈಗ ಆ ಚೀಟಿಗಳು ಕಂಪ್ಯೂಟರಿನೊಳಗಿವೆ. ರೊಸ್ಟೊಕ್ ವಿಶ್ವವಿದ್ಯಾಲಯ ‘ವೊಸ್ಸಿಡಿಯಾ’ ಎಂಬ ಹೆಸರಿನಲ್ಲಿ ಅವನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಏರಿಸಿದೆ. ಹುಬ್ಬಳ್ಳಿಯಲ್ಲಿ ಕೂತೂ ನೋಡಬಹುದು! ಹಳೆಯ ಜರ್ಮನ್ ಕೈಬರಹ, ಅದರ ಮೇಲೆ ಅವಸರದ ಗೀಚು, ಅದರ ಮೇಲೆ ಪ್ಲಾಟ್. ಜರ್ಮನ್ ಬಲ್ಲವರೂ ಬೆವರಬೇಕು. ಚೀಟಿಗೂ ಊರಿಗೂ, ಊರಿಗೂ ಹೇಳಿದವರಿಗೂ, ಹೇಳಿದವರಿಗೂ ವಿಷಯಕ್ಕೂ ಕೊಂಡಿ ಹಾಕಿಟ್ಟಿದ್ದಾರೆ. ಒಂದು ಎಳೆ ಹಿಡಿದರೆ ಸಾಕು, ಊರೂರು ಸುತ್ತಬಹುದು.

ಅಷ್ಟಕ್ಕೇ ನಿಲ್ಲದೆ ‘ಇಸೆಬೆಲ್’ ಎಂಬ ಹುಡುಕು ಯಂತ್ರವೊಂದನ್ನೂ ಕಟ್ಟಿದ್ದಾರೆ. ಮೆಕ್ಲೆನ್‌ಬರ್ಗಿನ ಮಾಟಗಾತಿ, ನೆದರ್‌ಲ್ಯಾಂಡ್ಸಿನ ಮಾಟಗಾತಿ, ಡೆನ್ಮಾರ್ಕಿನ ಮಾಟಗಾತಿ ಮೂವರನ್ನೂ ಅದು ಒಟ್ಟಿಗೆ ಎದುರಿಗೆ ತಂದು ನಿಲ್ಲಿಸುತ್ತದೆ. ಅದರಲ್ಲಿ ಡೆನ್ಮಾರ್ಕಿನ ಕಥೆಗಳನ್ನು ಕೂಡಿಸಿದವರು ಎವಾಲ್ಡ್ ಟಾಂಗ್ ಕ್ರಿಸ್ಟೆನ್ಸೆನ್, ವೊಸ್ಸಿಡ್ಲೊಗಿಂತ ಹದಿನಾರು ವರ್ಷ ದೊಡ್ಡವರು, ಜಟ್‌ಲ್ಯಾಂಡಿನ ಕುರುಚಲು ಬಯಲುಗಳಲ್ಲಿ ಬಡವರ ಗುಡಿಸಲಿಂದ ಗುಡಿಸಲಿಗೆ ನಡೆದು ಹಾಡು, ಕಥೆ ಬರೆದುಕೊಂಡವರು. ಅವರ ಕಸುಬು ಏನಿತ್ತು ಗೊತ್ತೇ? ಹಳ್ಳಿ ಶಾಲೆಯ ಮೇಷ್ಟ್ರು!